ಶಿವಡಿಯ ಹದಿನಾರು ತಿಂಗಳು: ಕ್ಷಯರೋಗ ಮತ್ತು ನಮ್ಮ ಮೌನ

(ಸಯನ್‌ನಲ್ಲಿ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮುಂಬಯಿ ಕನ್ನಡಿಗರ ಚರಿತ್ರೆ ಎಂದೊಡನೆ ನಾವು ಹೆಮ್ಮೆಯಿಂದ ನೆನೆಯುವ ಸಂಗತಿಗಳು ಹಲವು. ಬರಿಗೈಯಲ್ಲಿ ಬಂದು ಹೋಟೆಲು ಕಟ್ಟಿದವರ ಸಾಹಸ, ಹಗಲು ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರ ಛಲ, 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್, ಅದರ ಹಿಂದೆಯೇ 1930ರ ದಶಕದಲ್ಲಿ ಹುಟ್ಟಿಕೊಂಡ ಕನ್ನಡ ಸಂಘಗಳು, ನಾಟಕ, ಯಕ್ಷಗಾನ, ಪತ್ರಿಕೆಗಳು. ಇವೆಲ್ಲವೂ ನಮ್ಮ ಸ್ಮರಣ ಸಂಚಿಕೆಗಳಲ್ಲಿ ಮತ್ತೆ ಮತ್ತೆ ದಾಖಲಾಗಿವೆ, ದಾಖಲಾಗಬೇಕಾದದ್ದೇ. ಆದರೆ ಈ ಚರಿತ್ರೆಯಲ್ಲಿ ಕಾಯಿಲೆ ಬಿದ್ದವರು ಕಾಣುವುದಿಲ್ಲ. ಗೆದ್ದು ನಿಂತವರ ಹೆಸರುಗಳಿವೆ. ಕೆಮ್ಮುತ್ತ ಊರಿಗೆ ಮರಳಿದವರ ಲೆಕ್ಕ ಎಲ್ಲಿಯೂ ಇಲ್ಲ. ಇಂದು ನಾನು ಮಾತನಾಡಬೇಕೆಂದಿರುವುದು ಈ ಕಾಣದವರ ಕುರಿತು. ಅದರಲ್ಲಿಯೂ ನಮ್ಮ ಮನೆಯ ಒಂದು ಮಗುವಿನ ಕುರಿತು. ಆ ಮಗು ನನ್ನ ಸೋದರತ್ತೆ. 1944ರಲ್ಲಿ ಹುಟ್ಟಿ, 2022ರಲ್ಲಿ ತೀರಿಕೊಂಡವರು. ಅವರು ತಮ್ಮ ಒಂಬತ್ತನೆಯ ವಯಸ್ಸಿನಲ್ಲಿ ಹದಿನಾರು ತಿಂಗಳ ಕಾಲ ಶಿವಡಿಯ ಕ್ಷಯರೋಗ ಆಸ್ಪತ್ರೆಯಲ್ಲಿದ್ದರೆಂಬ ಸಂಗತಿ ಅವರು ಕಣ್ಮುಚ್ಚುವವರೆಗೂ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ.

ಇದೊಂದು ಕುಟುಂಬದ ಖಾಸಗಿ ವಿಷಯವಲ್ಲವೇ, ಸಂಘದ ವೇದಿಕೆಯಲ್ಲಿ ಇದೇಕೆ ಎಂದು ತಾವು ಕೇಳಬಹುದು. ನಮ್ಮ ಮನೆಯಲ್ಲಿ ನಡೆದದ್ದು ಇಲ್ಲಿ ಕುಳಿತಿರುವ ಹಲವರ ಮನೆಗಳಲ್ಲಿಯೂ ನಡೆದಿದೆ ಎಂಬುದು ನನ್ನ ನಂಬಿಕೆ. ಅದನ್ನು ಹೇಳದೆ ಉಳಿಸಿಕೊಂಡದ್ದರ ಬೆಲೆಯನ್ನು ನಾವು ಇಂದಿಗೂ ತೆರುತ್ತಿದ್ದೇವೆ ಎಂಬುದು ನನ್ನ ವಾದ.

ಮೊದಲು ಕಾಲದ ಚಿತ್ರವನ್ನು ಸ್ವಲ್ಪ ನೋಡೋಣ. ಕ್ಷಯರೋಗಕ್ಕೆ ಕಾರಣವಾದ ಜೀವಾಣುವನ್ನು ತಾನು ಗುರುತಿಸಿದುದಾಗಿ ಜರ್ಮನಿಯ ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಪ್ರಕಟಪಡಿಸಿದ. ಕಾರಣ ತಿಳಿಯಿತೇ ಹೊರತು, ಮುಂದಿನ ಅರವತ್ತು ವರ್ಷ ಮದ್ದು ಸಿಗಲಿಲ್ಲ. ಒಳ್ಳೆಯ ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆ – ಇದೇ ಚಿಕಿತ್ಸೆ. ಅದಕ್ಕಾಗಿಯೇ ಊರ ಹೊರಗೆ ಆರೋಗ್ಯಧಾಮಗಳು ಎದ್ದವು. ಮೈಸೂರು ಅರಸು ಮನೆತನವನ್ನೂ ಈ ರೋಗ ಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರನ್ನು ಕ್ಷಯ ಬಲಿ ತೆಗೆದುಕೊಂಡಿತು. ಅವರ ಹೆಸರಿನ ಕ್ಷಯರೋಗ ಆಸ್ಪತ್ರೆ ಮೈಸೂರಿನ ಕೃಷ್ಣರಾಜಸಾಗರ ರಸ್ತೆಯಲ್ಲಿದೆ. ಕೋಲಾರ, ಬೆಂಗಳೂರಿನ ಕಡೆಯವರು ಗಡಿಯಾಚೆಯ ಮದನಪಲ್ಲಿಯ ಆರೋಗ್ಯವರಕ್ಕೆ ಹೋಗುತ್ತಿದ್ದರು. ಬೆಳಗಾವಿ, ವಿಜಾಪುರದವರಿಗೆ ಮಿರಜ ಇತ್ತು. ಮುಂಬಯಿಯಲ್ಲಿದ್ದವರಿಗೆ ಭೋಯಿವಾಡದ ಟರ್ನರ್ ಸ್ಯಾನಿಟೋರಿಯಂ ಇತ್ತು; 1940ರ ದಶಕದಿಂದ ಶಿವಡಿಯ ನಗರಪಾಲಿಕೆಯ ಆಸ್ಪತ್ರೆಯೂ ಒದಗಿತು. ಈ ಶಿವಡಿ ಆಸ್ಪತ್ರೆ ಮುಂದೆ ಸಾವಿರಕ್ಕೂ ಹೆಚ್ಚು ಹಾಸಿಗೆಗಳ, ಏಷ್ಯಾದಲ್ಲಿಯೇ ದೊಡ್ಡವೆನ್ನಿಸಿಕೊಂಡ ಕ್ಷಯರೋಗ ಆಸ್ಪತ್ರೆಗಳಲ್ಲಿ ಒಂದಾಗಿ ಬೆಳೆಯಿತು.

ಆದರೆ ರೋಗಿಗಳ ಸಂಖ್ಯೆಗೆ ಹೋಲಿಸಿದರೆ ಇವೆಲ್ಲ ಸಮುದ್ರದೆದುರಿನ ಬೊಗಸೆ ನೀರು. 1946ರ ಭೋರ್ ಸಮಿತಿಯ ವರದಿಯ ಪ್ರಕಾರ ದೇಶದಲ್ಲಿ ಆಗ ಸುಮಾರು 25 ಲಕ್ಷ ಕ್ಷಯರೋಗಿಗಳಿದ್ದರು. ವರ್ಷಕ್ಕೆ ಸುಮಾರು 5 ಲಕ್ಷ ಜನ ಸಾಯುತ್ತಿದ್ದರು. ಹಾಸಿಗೆಗಳಿದ್ದದ್ದು 6,000ದ ಆಸುಪಾಸು. ಮುಂಬಯಿಯ ಜನರಲ್ಲಿ ನಾಲ್ಕರಲ್ಲಿ ಮೂರು ಪಾಲು ಒಂದೇ ಕೋಣೆಯ ಬಿಡಾರಗಳಲ್ಲಿ ವಾಸಿಸುತ್ತಿದ್ದರೆಂಬುದು ಕಳೆದ ಶತಮಾನದ ಮೊದಲ ದಶಕಗಳ ಜನಗಣತಿಗಳಿಂದಲೇ ಸ್ಪಷ್ಟ. ಗಾಳಿಯ ಮೂಲಕ, ಕೆಮ್ಮಿನ ಮೂಲಕ ಹರಡುವ ರೋಗಕ್ಕೆ ಇದಕ್ಕಿಂತ ಅನುಕೂಲದ ನೆಲೆ ಬೇಕೇ? ನಮ್ಮ ಹೋಟೆಲಿನ ಹುಡುಗರ ಸ್ಥಿತಿಯಂತೂ ಹೇಳುವುದೇ ಬೇಡ. ನಸುಕಿನಿಂದ ನಡುರಾತ್ರಿಯವರೆಗೆ ಒಲೆಯ ಹೊಗೆಯಲ್ಲಿ ದುಡಿದು, ಗಿರಾಕಿಗಳು ಎದ್ದುಹೋದ ಬೆಂಚುಗಳ ಮೇಲೆಯೇ ಸಾಲಾಗಿ ಮಲಗುವುದು. ಒಬ್ಬ ಕೆಮ್ಮತೊಡಗಿದರೆ ನಾಲ್ಕು ತಿಂಗಳಲ್ಲಿ ಮತ್ತೊಬ್ಬ. ರಕ್ತ ಕಾಣಿಸಿಕೊಂಡಾಗ ಸಿಗುತ್ತಿದ್ದ ಪರಿಹಾರ ಒಂದೇ: ಟಿಕೇಟು ತೆಗೆಸಿ ಊರಿಗೆ ಕಳಿಸುವುದು. ಕಳಿಸಿದವರು ಅದನ್ನು ದಯೆಯೆಂದೇ ತಿಳಿದಿದ್ದರು. ಆದರೆ ಆ ಹುಡುಗನ ಜೊತೆಗೆ ರೋಗವೂ ಘಟ್ಟ ಇಳಿದು, ಹೊಳೆ ದಾಟಿ, ಹಂಚಿನ ಮನೆಯ ಒಳಕೋಣೆಗೆ ಹೋಗಿ ಸೇರುತ್ತಿತ್ತು. ಕ್ಷಯ ಕೇವಲ ನಗರದ ರೋಗವೆಂಬ ನಂಬಿಕೆಯನ್ನು 1955ರಿಂದ 58ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಮುರಿಯಿತು. ಹಳ್ಳಿಗಳಲ್ಲಿಯೂ ಅದು ಹೆಚ್ಚು ಕಡಿಮೆ ಅಷ್ಟೇ ಇತ್ತು.

ಈಗ ನಮ್ಮ ಮನೆಯ ಪ್ರಕರಣಕ್ಕೆ ಬರುತ್ತೇನೆ. ನನ್ನ ಅಜ್ಜ ಕುಂದಾಪುರದ ಕಡೆಯವರು. ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮೊದಲು ಮುಂಬಯಿಗೆ ಬಂದು, ಮೊದಲು ಮಾಟುಂಗದ ಹೋಟೆಲೊಂದರಲ್ಲಿ ಲೆಕ್ಕ ಬರೆದು, ಅನಂತರ ಬಂದರಿನ ಕಡೆ ಗುಮಾಸ್ತೆಯಾದವರು. ಮನೆ ಇದೇ ಸಯನ್‌ನಲ್ಲಿ, ಎರಡು ಕೋಣೆಯ ಬಿಡಾರ. ಅತ್ತೆ ಹಿರಿಯ ಮಗಳು. ನನ್ನ ತಂದೆ ಅವರಿಗಿಂತ ನಾಲ್ಕು ವರ್ಷ ಕಿರಿಯರು. ಅತ್ತೆಗೆ ಎರಡೂ ಕಿವಿ ಮಂದ. ಚಿಕ್ಕಂದಿನಲ್ಲಿ ಜ್ವರ ಬಂದು ಹಾಗಾಯಿತೆಂದು ಮನೆಯವರ ಮಾತು. ಮದುವೆಯಾಗಲಿಲ್ಲ; ಹಟಮಾರಿಯೆಂದು ಹೇಳುತ್ತಿದ್ದರು. ಖಾಸಗಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿ ಮೂವತ್ತು ವರ್ಷ ದುಡಿದು, ತಮ್ಮನ ಮಕ್ಕಳನ್ನು ಓದಿಸಿದರು. ನನ್ನ ಸ್ನಾತಕೋತ್ತರ ಪದವಿಯ ಫೀಸು ಕಟ್ಟಿದವರೂ ಅವರೇ. ಮನೆಯಲ್ಲಿ ಅವರಿಗೆ ಒಂದು ಬೇರೆ ತಟ್ಟೆ, ಬೇರೆ ಲೋಟ ಇದ್ದವು. ‘ಅದು ಅತ್ತೆಯದು’ ಎಂಬಷ್ಟೇ ನಮಗೆ ಗೊತ್ತಿತ್ತು. ಪ್ರತಿ ಮನೆಯಲ್ಲಿ ಹಿರಿಯರಿಗೊಂದು ತಟ್ಟೆ ಇರುವುದಿಲ್ಲವೇ, ಹಾಗೆಂದು ತಿಳಿದು ಬೆಳೆದೆವು.

ಅವರು ತೀರಿಕೊಂಡ ಮೇಲೆ ಪಿಂಚಣಿ, ಬ್ಯಾಂಕಿನ ಕಾಗದಪತ್ರಗಳಿಗಾಗಿ ಅವರ ಟ್ರಂಕನ್ನು ತೆರೆಯಬೇಕಾಯಿತು. ಅದರಲ್ಲಿ ಶಾಲೆಯ ಸರ್ಟಿಫಿಕೇಟೊಂದು ಸಿಕ್ಕಿತು. 1953ರ ನವೆಂಬರಿನಲ್ಲಿ ಶಾಲೆ ಬಿಟ್ಟದ್ದು, 1955ರ ಜೂನ್‌ನಲ್ಲಿ ಅದೇ ತರಗತಿಗೆ ಮತ್ತೆ ಸೇರಿದ್ದು ಅದರಲ್ಲಿ ನಮೂದಾಗಿತ್ತು. ಒಂದೂವರೆ ವರ್ಷ ಆ ಹುಡುಗಿ ಎಲ್ಲಿದ್ದಳು? ತಂದೆಯವರನ್ನು ಕೇಳಿದೆ. ‘ಅಕ್ಕ ಊರಲ್ಲಿದ್ದಳು’ ಎಂದರು. ಐದು ವರ್ಷದ ಹುಡುಗನಿಗೆ ಮನೆಯಲ್ಲಿ ಹಾಗೆಂದು ಹೇಳಿದ್ದರು. ಊರಿನ ಹಿರಿಯರನ್ನು ವಿಚಾರಿಸಿದೆ. ಆ ವರ್ಷಗಳಲ್ಲಿ ಅವಳು ಊರಿಗೆ ಬಂದೇ ಇರಲಿಲ್ಲ. ಮುಂಬಯಿಯಲ್ಲಿ ಓದುತ್ತಿದ್ದಾಳೆಂದೇ ಅವರು ನಂಬಿದ್ದರು. ಮುಂಬಯಿಯವರಿಗೆ ಊರಿನ ಹೆಸರು, ಊರಿನವರಿಗೆ ಮುಂಬಯಿಯ ಹೆಸರು. ಎರಡು ಊರಿನ ಬಾಳು ನಮ್ಮಂಥ ವಲಸಿಗರಿಗೆ ಇಂಥ ಅನುಕೂಲವನ್ನೂ ಮಾಡಿಕೊಟ್ಟಿತ್ತು.

ಅಜ್ಜ ದಿನದ ಖರ್ಚನ್ನು ತಪ್ಪದೆ ಬರೆದಿಡುತ್ತಿದ್ದರು. ಆ ಲೆಕ್ಕದ ಪುಸ್ತಕಗಳನ್ನು ತಂದೆಯವರು ಎಸೆದಿರಲಿಲ್ಲ. 1953ರ ನವೆಂಬರಿನಿಂದ ಒಂದು ಹೊಸ ಬಾಬತ್ತು ಕಾಣಿಸಿಕೊಳ್ಳುತ್ತದೆ: ಪ್ರತಿ ಗುರುವಾರ ಮತ್ತು ಭಾನುವಾರ, ‘ಶಿವಡಿ, ರೈಲು’. ಅಂದಿನ ಕೋಳೀವಾಡ ಸ್ಟೇಷನ್ನಿನಿಂದ, ಎಂದರೆ ಇಂದಿನ ಗುರು ತೇಗ್ ಬಹಾದ್ದೂರ್ ನಗರದಿಂದ, ವಡಾಲದ ಮೇಲೆ ಶಿವಡಿಗೆ ಹಾರ್ಬರ್ ಲೈನಿನ ಸಣ್ಣ ದಾರಿ. ಭಾನುವಾರಗಳ ಎದುರು ಇನ್ನೊಂದು ಬಾಬತ್ತು: ‘ಇರಾನಿ ಅಂಗಡಿ, ಔಷಧ’. ಇರಾನಿಯ ಅಂಗಡಿಯಲ್ಲಿ ಬ್ರೆಡ್ಡು, ಬೆಣ್ಣೆ, ಚಹಾ ಸಿಗುತ್ತದೆ, ಔಷಧ ಸಿಗುವುದಿಲ್ಲ. ಬಹಳ ದಿನ ಇದು ನನಗೆ ಬಿಡಿಸದ ಒಗಟಾಗಿತ್ತು. 1954ರ ಫೆಬ್ರವರಿಯಲ್ಲಿ ‘ಸೂಜಿಮದ್ದು’ ಎಂಬ ದೊಡ್ಡ ಖರ್ಚು. ಅದರ ಮಗ್ಗುಲಲ್ಲಿಯೇ ‘ಅವಲಕ್ಕಿ ಸರ ಅಡವು’. ಅಜ್ಜಿಯ ಆ ಸರ ಮತ್ತೆ ಬಿಡಿಸಿಕೊಂಡ ದಾಖಲೆ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. 1955ರ ಫೆಬ್ರವರಿಯ ಕೊನೆಗೆ ಶಿವಡಿಯ ಬಾಬತ್ತು ನಿಲ್ಲುತ್ತದೆ. ಒಟ್ಟು ಹದಿನಾರು ತಿಂಗಳು. ಆ ಹದಿನಾರು ತಿಂಗಳಲ್ಲಿ ‘ಕ್ಷಯ’ ಎಂಬ ಶಬ್ದವನ್ನಾಗಲಿ, ‘ಆಸ್ಪತ್ರೆ’ ಎಂಬ ಶಬ್ದವನ್ನಾಗಲಿ ಅಜ್ಜ ಒಮ್ಮೆಯೂ ಬರೆದಿಲ್ಲ. ತಮ್ಮದೇ ಲೆಕ್ಕದ ಪುಸ್ತಕದಲ್ಲಿ, ತಾವೊಬ್ಬರೇ ಓದುವ ಕಡೆಯಲ್ಲಿ!

ಒಗಟನ್ನು ಬಿಡಿಸಿದವರು ನಮ್ಮ ಹಳೆಯ ಬಿಡಾರದಲ್ಲಿದ್ದ, ಈಗ ಎಂಬತ್ತೈದು ದಾಟಿರುವ ಹಿರಿಯರೊಬ್ಬರು. ಮೊದಲು ಅವರಿಗೂ ಹೇಳಲು ಮನಸ್ಸಿರಲಿಲ್ಲ. ‘ಆಗ ಅದೆಲ್ಲ ಹೇಳುಕಿತ್ತಾ ಮಾಣಿ?’ ಎಂದರು. ಆಮೇಲೆ ಒಂದೊಂದಾಗಿ ಹೊರಬಂತು. ಇರಾನಿ ಅಂಗಡಿಯ ಔಷಧವೆಂದರೆ ಕೋಳಿಮೊಟ್ಟೆ. ಮಡಿಮೈಲಿಗೆಯ ಬ್ರಾಹ್ಮಣ ಮನೆ, ಮೊಟ್ಟೆಯ ಹೆಸರೆತ್ತುವಂತಿಲ್ಲ. ಡಾಕ್ಟರು ಬರೆದುಕೊಟ್ಟಿದ್ದರು. ಅಜ್ಜ ಭಾನುವಾರ ಬೆಳಗ್ಗೆ ಇರಾನಿಯ ಬಳಿಯೇ ಬೇಯಿಸಿಕೊಂಡು, ಮರಾಠಿ ಪತ್ರಿಕೆಯಲ್ಲಿ ಸುತ್ತಿ, ಕೊಡೆಯೊಳಗಿಟ್ಟು ಒಯ್ಯುತ್ತಿದ್ದರಂತೆ. ಅಜ್ಜಿಗೆ ಗೊತ್ತಿತ್ತು, ಗೊತ್ತಿಲ್ಲದಂತೆ ಇರುತ್ತಿದ್ದರು. ಮಗಳು ಮನೆಗೆ ಬಂದ ದಿನ ಅವಳಿಗೆಂದು ಹೊಸ ತಟ್ಟೆ, ಲೋಟ ತಂದರು. ಆ ತಟ್ಟೆ ಹೇಗೆ ಬೇರೆಯಾಯಿತೆಂಬುದನ್ನು ಆಮೇಲೆ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಸರಕಾರಿ ದಾಖಲೆ ಏನಾದರೂ ಸಿಗಬಹುದೇ ಎಂದು ನಾನು ಶಿವಡಿಗೂ ಹೋಗಿ ಬಂದೆ. ಅಲ್ಲಿಯವರು ಸೌಜನ್ಯದಿಂದಲೇ ಮಾತನಾಡಿದರು. ಎಪ್ಪತ್ತು ವರ್ಷದ ಹಿಂದಿನ ಒಬ್ಬ ರೋಗಿಯ ಕಾಗದ ಸಿಗದೆ ಹೋದರೆ ಅದು ಯಾರ ತಪ್ಪೂ ಅಲ್ಲ. ನಾನೇ ಕೇಂದ್ರ ಸರಕಾರದ ನೌಕರ. ಕಡತಗಳಿಗೂ ಆಯುಸ್ಸುಂಟೆಂದು ಬಲ್ಲೆ. ನಮ್ಮ ಕಚೇರಿಗಳಲ್ಲಿ ಕಡತಗಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತೇವೆ. ಮೊದಲೆರಡು ವರ್ಗದವು ಕಾಯ್ದಿಡತಕ್ಕವು. ಸಿ ವರ್ಗದವು ಹೆಚ್ಚೆಂದರೆ ಹತ್ತು ವರ್ಷ ಇಟ್ಟು ನಾಶಪಡಿಸತಕ್ಕವು. ಸಾಮಾನ್ಯ ಜನರ ಬಾಳು ಬಹುಮಟ್ಟಿಗೆ ಸಿ ವರ್ಗದ ಕಡತ. ಹೊರನಾಡ ಕನ್ನಡಿಗರಾದ ನಮಗೆ ಇನ್ನೊಂದು ತೊಡಕೂ ಇದೆ. 1953ರಲ್ಲಿ ಕುಂದಾಪುರ ಮದರಾಸು ರಾಜ್ಯದಲ್ಲಿತ್ತು, ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು, ಮೈಸೂರು ತನ್ನದೇ ರಾಜ್ಯವಾಗಿತ್ತು. 1956ರಲ್ಲಿ ಗಡಿಗಳು ಬದಲಾದವು. 1960ರಲ್ಲಿ ಮಹಾರಾಷ್ಟ್ರ ರಚನೆಯಾಯಿತು. ಊರು ಒಂದು ಕಡೆ, ದುಡಿಮೆ ಮತ್ತೊಂದು ಕಡೆಯಾದವರ ಸುಖದುಃಖವನ್ನು ತನ್ನದೆಂದು ಹುಡುಕಿ ತೆಗೆಯುವ ದಫ್ತರಖಾನೆ ಯಾವ ರಾಜ್ಯದಲ್ಲಿದೆ? ಆ ಕೆಲಸವನ್ನು ನಾವೇ ಮಾಡಬೇಕು. ಅಜ್ಜನ ಲೆಕ್ಕದ ಪುಸ್ತಕ, ಶಾಲೆಯ ಸರ್ಟಿಫಿಕೇಟು, ಮುದುಕಿಯೊಬ್ಬರ ನೆನಪು – ಈ ಮೂರು ಇಲ್ಲದಿದ್ದರೆ ಆ ಹುಡುಗಿಯ ಹದಿನಾರು ತಿಂಗಳು ಜಗತ್ತಿನಿಂದಲೇ ಅಳಿಸಿಹೋಗುತ್ತಿದ್ದವು.

ಸೂಜಿಮದ್ದು ಯಾವುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಸ್ಟ್ರೆಪ್ಟೊಮೈಸಿನ್ ಅಮೆರಿಕೆಯಲ್ಲಿ ಪತ್ತೆಯಾದದ್ದು 1943ರಲ್ಲಿ. ಐಸೊನಿಯಜಿಡ್ ಮಾತ್ರೆ ಬಳಕೆಗೆ ಬಂದದ್ದು 1952ರಲ್ಲಿ. ಪಿಂಪರಿಯ ಸರಕಾರಿ ಕಾರ್ಖಾನೆಯಲ್ಲಿ ಸ್ಟ್ರೆಪ್ಟೊಮೈಸಿನ್ ತಯಾರಾಗತೊಡಗಿದ್ದು 1960ರ ದಶಕದಲ್ಲಿ. ಅಲ್ಲಿಯವರೆಗೆ ಅದು ಬಹುಪಾಲು ಹೊರದೇಶದಿಂದ ಬರಬೇಕಾದ ದುಬಾರಿ ಔಷಧ. ಜೀವ ಉಳಿಸುವ ಈ ಮದ್ದಿಗೆ ಒಂದು ದೋಷವಿತ್ತು: ಬಹಳ ದಿನ ಕೊಟ್ಟರೆ ಕೆಲವರಲ್ಲಿ ಕಿವಿಯ ನರವನ್ನು ಕೆಡಿಸುತ್ತದೆ. ಹಾಗೆ ಕೆಟ್ಟ ಕಿವಿ ಮತ್ತೆ ಸರಿಹೋಗುವುದಿಲ್ಲ. ಅತ್ತೆಯ ಕಿವಿಗೆ ಆದದ್ದು ಇದೇ ಇರಬೇಕೆಂದು ನಾನು ವಿಚಾರಿಸಿದ ವೈದ್ಯ ಮಿತ್ರರ ಅಭಿಪ್ರಾಯ. ಅವರ ಕಿವಿ ಜ್ವರದಿಂದ ಹೋದದ್ದಲ್ಲ. ಅವರ ಜೀವದ ಬೆಲೆಯಾಗಿ ಹೋದದ್ದು. ಟ್ರಂಕಿನಲ್ಲಿ 1965ರ ಒಂದು ಕಾಗದವೂ ಇತ್ತು. ಗಂಡಿನ ಕಡೆಯವರು, ಹುಡುಗಿಗೆ ಹಿಂದೆ ಎದೆಯ ಕಾಯಿಲೆ ಇತ್ತೆಂದು ಯಾರೋ ಹೇಳಿದರಾಗಿ, ಸಂಬಂಧ ಬೇಡವೆಂದು ಬರೆದಿದ್ದರು. ಮನೆಯವರು ಎಷ್ಟು ಮುಚ್ಚಿಟ್ಟರೂ ಸುದ್ದಿ ಹೋಗಬಾರದ ಕಡೆಗೆ ಹೋಗಿಯೇ ಇತ್ತು. ತಿಳಿಯದೆ ಉಳಿದದ್ದು ಅವರ ಜೊತೆಯಲ್ಲಿ ಬಾಳಿದ ನಮಗೆ ಮಾತ್ರ. ಹಟಮಾರಿ ಎಂಬ ಹೆಸರನ್ನು ಅವರು ಎದುರಾಡದೆ ಹೊತ್ತುಕೊಂಡರು.

ಇನ್ನೊಂದು ಸಂಗತಿ ನನ್ನನ್ನು ಬಹಳವಾಗಿ ಕಾಡಿದ್ದುಂಟು. 1956ರಲ್ಲಿ ಮದರಾಸಿನಲ್ಲಿ ಕ್ಷಯರೋಗ ಔಷಧ ಚಿಕಿತ್ಸಾ ಕೇಂದ್ರವೊಂದು ಆರಂಭವಾಯಿತು. ಅಲ್ಲಿ 193 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರೋಗ್ಯಧಾಮದಲ್ಲಿಯೂ ಇನ್ನೊಂದಕ್ಕೆ ಅವರವರ ಮನೆಯಲ್ಲಿಯೂ ಒಂದೇ ಔಷಧಗಳನ್ನು ಕೊಟ್ಟು ನೋಡಿದರು. ಮನೆಯಲ್ಲಿದ್ದವರು ಕಡುಬಡವರು, ಇಕ್ಕಟ್ಟಿನ ಗುಡಿಸಲುಗಳಲ್ಲಿ ಇದ್ದವರು, ಸರಿಯಾದ ಊಟವಿಲ್ಲದವರು. ಆದರೂ ಗುಣವಾಗುವುದರಲ್ಲಿ ಎರಡೂ ಗುಂಪುಗಳು ಹೆಚ್ಚು ಕಡಿಮೆ ಸಮನಾಗಿದ್ದವು. ಮನೆಯವರಿಗೆ ಹೆಚ್ಚಿನ ಅಪಾಯವೂ ಆಗಲಿಲ್ಲ, ಏಕೆಂದರೆ ಔಷಧ ಆರಂಭವಾದ ಮೇಲೆ ಸೋಂಕು ಹರಡುವ ಶಕ್ತಿ ಬೇಗ ಕುಗ್ಗುತ್ತದೆ. 1959ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಜಗತ್ತಿನ ಚಿಕಿತ್ಸಾ ಪದ್ಧತಿಯೇ ಬದಲಾಯಿತು. ಆರೋಗ್ಯಧಾಮಗಳ ಯುಗ ಮುಗಿಯುತ್ತ ಬಂತು. ಅತ್ತೆ ಶಿವಡಿಯಿಂದ ಹೊರಬಂದದ್ದು ಇದಕ್ಕೆ ನಾಲ್ಕು ವರ್ಷ ಮೊದಲು. ಒಂದು ಮಗು ತಾಯಿಯನ್ನು ಬಿಟ್ಟು ಹದಿನಾರು ತಿಂಗಳು ಕಳೆದದ್ದು ಅಂದಿನ ತಿಳಿವಳಿಕೆಗೆ ಅನಿವಾರ್ಯವಾಗಿತ್ತು. ಅದನ್ನು ನಾನು ಆಕ್ಷೇಪಿಸಲಾರೆ. ಆದರೆ ತಟ್ಟೆ? ಕ್ಷಯ ತಟ್ಟೆ ಲೋಟಗಳಿಂದ ಹರಡುವ ರೋಗವಲ್ಲ. ಗುಣವಾಗಿ ಮನೆಗೆ ಬಂದವರ ತಟ್ಟೆ ಅರುವತ್ತೇಳು ವರ್ಷ ಬೇರೆಯಾಗಿಯೇ ಉಳಿಯಿತು. ರೋಗ ಹೋಗಿತ್ತು, ಮೌನ ಉಳಿದಿತ್ತು. ಮಾತಾಡಿದ್ದರೆ ಯಾರಾದರೊಬ್ಬ ಡಾಕ್ಟರನ್ನು ಕೇಳುತ್ತಿದ್ದರು, ತಟ್ಟೆ ಉಳಿದ ತಟ್ಟೆಗಳ ಸಾಲಿಗೆ ಸೇರುತ್ತಿತ್ತು.

ಈ ಮುಚ್ಚುಮರೆಗೆ ನಮ್ಮ ಅಜ್ಜ ಒಬ್ಬರೇ ಹೊಣೆಯಲ್ಲ. ನಮ್ಮ ಪುರಾಣದಲ್ಲಿ ಚಂದ್ರನಿಗೆ ಕ್ಷಯ ತಗುಲಿದ್ದು ದಕ್ಷನ ಶಾಪದಿಂದ. ರೋಗವೆಂದರೆ ತಪ್ಪಿಗೆ ಬಂದ ಶಿಕ್ಷೆಯೆಂಬ ಭಾವನೆ ಅಷ್ಟು ಹಳೆಯದು. ಅರುವತ್ತು ಸಂವತ್ಸರಗಳಲ್ಲಿ ಕೊನೆಯದರ ಹೆಸರು ಕ್ಷಯ. ನಾವು ಬಾಯಲ್ಲಿ ಅದನ್ನು ‘ಅಕ್ಷಯ’ ಮಾಡಿಕೊಂಡಿದ್ದೇವೆ. ದೊಡ್ಡವರೂ ಇದಕ್ಕೆ ಹೊರತಲ್ಲ. ಮಹಮ್ಮದ್ ಅಲಿ ಜಿನ್ನಾ ಅವರ ಶ್ವಾಸಕೋಶದ ರೋಗ ಮುಂಬಯಿಯ ಅವರ ವೈದ್ಯರಲ್ಲಿಯೇ ಗುಟ್ಟಾಗಿ ಉಳಿದು, ದೇಶ ವಿಭಜನೆಯ ಮಾತುಕತೆಗಳು ಅದರ ಅರಿವಿಲ್ಲದೆಯೇ ನಡೆದುಹೋದವು. 1948ರಲ್ಲಿ ಅವರು ಕರಾಚಿಯಲ್ಲಿ ತೀರಿಕೊಂಡರು. ರಾಜ್ಯಗಳ ಹಣೆಬರಹವನ್ನು ಬರೆಯುವವರೇ ಮುಚ್ಚಿಟ್ಟದ್ದನ್ನು ಒಬ್ಬ ಗುಮಾಸ್ತೆ ಲೆಕ್ಕದ ಪುಸ್ತಕದಲ್ಲಿ ಬಿಚ್ಚಿಡಲಿಲ್ಲವೆಂದು ನಾವು ದೂರುವಂತಿಲ್ಲ.

ಹಾಗೆಂದು ಇದು ಜನರ ಅಜ್ಞಾನವೆಂದು ತಳ್ಳಿಹಾಕುವುದೂ ಸರಿಯಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿದ್ದು 1959ರಲ್ಲಿ. ಅಲ್ಲಿಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಕ್ಷಯವಿದ್ದವರಲ್ಲಿ ಬಹುಪಾಲು ಜನರಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು. ಅರ್ಧಕ್ಕೂ ಹೆಚ್ಚು ಮಂದಿ ಯಾವುದಾದರೊಂದು ಆಸ್ಪತ್ರೆಗೆ ಹೋಗಿಯೂ ಇದ್ದರು. ಅಲ್ಲಿ ಕೆಮ್ಮಿನ ಔಷಧ ಪಡೆದು ಮರಳಿದ್ದರು. ನಮ್ಮ ತುಮಕೂರಿನ ರೈತರಿಂದ ಕಲಿತ ಈ ಪಾಠ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮಕ್ಕೆ ತಳಹದಿಗಳಲ್ಲೊಂದಾಯಿತು. ಜನ ಬಾಗಿಲಿಗೆ ಬರುತ್ತಾರೆ, ಬಂದವರನ್ನು ಗುರುತಿಸಬೇಕು ಎಂಬುದೇ ಆ ಪಾಠ.

ಇದೆಲ್ಲ ಹಳೆಯ ಕಥೆಯೆಂದು ತಾವು ಭಾವಿಸಬಾರದು. ಇಂದಿಗೂ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಭಾರತದಲ್ಲಿದ್ದಾರೆ. 2025ರೊಳಗೆ ರೋಗವನ್ನು ಕೊನೆಗಾಣಿಸುವ ಗುರಿಯನ್ನು ಸರಕಾರ ಸಾರಿತ್ತು. ರೋಗ ಇನ್ನೂ ನಮ್ಮೊಡನಿದೆ. ಇರುವ ಔಷಧಗಳಿಗೆಲ್ಲ ಬಗ್ಗದ ಕ್ಷಯವನ್ನು ಮುಂಬಯಿಯ ವೈದ್ಯರಾದ ಡಾ. ಜರೀರ್ ಉದ್ವಾಡಿಯಾ ಮತ್ತು ಸಂಗಡಿಗರು ವರದಿ ಮಾಡಿದಾಗ, 2012ರ ಆರಂಭದಲ್ಲಿ, ಜಗತ್ತೇ ಈ ನಗರದತ್ತ ತಿರುಗಿ ನೋಡಿತು. ಔಷಧವನ್ನು ಅರ್ಧಕ್ಕೆ ಬಿಡುವುದು, ಅಂಗಡಿಯಿಂದ ಅಂಗಡಿಗೆ, ಡಾಕ್ಟರಿಂದ ಡಾಕ್ಟರಿಗೆ ಗುಟ್ಟಾಗಿ ಅಲೆಯುವುದು – ಇಂಥ ರೋಗ ಬೆಳೆಯುವುದಕ್ಕೆ ಇವೂ ಕಾರಣಗಳು. ಸಾಮಾನ್ಯ ಕ್ಷಯಕ್ಕೆ ಈಗ ಆರು ತಿಂಗಳ ಔಷಧ ಸಾಕು. ಸರಕಾರ ಅದನ್ನು ಪುಕ್ಕಟೆ ಕೊಡುತ್ತದೆ. 2018ರಿಂದ ಪೋಷಣೆಗೆಂದು ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದು 2024ರ ನವೆಂಬರಿನಿಂದ 1,000 ರೂಪಾಯಿ ಆಗಿದೆ. ಅಂದು ಕೊಡೆಯೊಳಗಿಟ್ಟು ಒಯ್ದ ಮೊಟ್ಟೆಗೆ ಇಂದು ಸರಕಾರವೇ ಹಣ ಕೊಡುತ್ತಿದೆ. ಆದರೂ ಮಗಳ ಮದುವೆಗೆ ತೊಡಕಾದೀತೆಂದು ಆ ಹಣಕ್ಕೆ ಹೆಸರು ಬರೆಸಲು ಹಿಂಜರಿಯುವ ಮನೆಗಳು ನಮ್ಮಲ್ಲಿಯೇ ಇವೆ.

ಆದುದರಿಂದ ಈ ಸಂಘದ ಮುಂದೆ ಮೂರು ಕೋರಿಕೆಗಳನ್ನು ಇಡುತ್ತೇನೆ. ಮೊದಲನೆಯದು, ನಮ್ಮ ಹಿರಿಯರ ಲೆಕ್ಕದ ಪುಸ್ತಕ, ಕಾಗದ, ಶಾಲೆಯ ಸರ್ಟಿಫಿಕೇಟು, ಮನಿಯಾರ್ಡರಿನ ಚೀಟಿ ಇವುಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಓದಿ. ಪ್ರತಿ ತೆಗೆದು ಸಂಘಕ್ಕೆ ಕೊಡಿ. ಹೆಸರು ಬೇಡವಾದರೆ ಬಿಡೋಣ, ಸಂಗತಿ ಉಳಿಯಲಿ. ಎರಡನೆಯದು, ಎಂಬತ್ತು ದಾಟಿದವರ ಬಳಿ ಕುಳಿತು ಕೇಳಿ. ಮೊದಲು ಬೇಡವೆನ್ನುತ್ತಾರೆ, ಕಾದರೆ ಹೇಳುತ್ತಾರೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ನಮ್ಮ ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ ದುಡಿಯುವ ಹುಡುಗ ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದರೆ ಅವನಿಗೆ ಊರಿನ ಟಿಕೇಟು ತೆಗೆಸಬೇಡಿ. ಹತ್ತಿರದ ನಗರಪಾಲಿಕೆಯ ದವಾಖಾನೆಗೆ ಕರೆದೊಯ್ದು ಕಫದ ಪರೀಕ್ಷೆ ಮಾಡಿಸಿ. ಗುಣವಾಗುವವರೆಗೆ ಅವನ ಕೆಲಸವನ್ನು ಕಾಯ್ದಿಡಿ. ಗುಣವಾಗಿ ಬಂದ ಮೇಲೆ ಉಳಿದವರ ಪಂಕ್ತಿಯಲ್ಲಿಯೇ ಅವನಿಗೂ ಎಲೆ ಹಾಕಿ.